ಓದುಗರ ಪ್ರಶ್ನೆ: ಖಿನ್ನತೆ, ಆತಂಕದ ಮಾತ್ರೆ ಶುರು ಮಾಡುವಾಗ, ಬಿಡುವಾಗ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಖಿನ್ನತೆ ಮತ್ತು ಆತಂಕಕ್ಕೆ ಕೊಡುವ ಮಾತ್ರೆಗಳ ಬಗ್ಗೆಯೇ ಇವೆ. ಓದುವ ಮೊದಲು ನಿಮ್ಮ ಮನೆಯ ಸ್ಟ್ರಿಪ್ಪನ್ನು ಕೈಗೆ ತೆಗೆದುಕೊಳ್ಳಿ. ದೊಡ್ಡಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಔಷಧದ ಹೆಸರು, ಎಷ್ಟು ಎಂ.ಜಿ. ಎಂಬುದು ಸಣ್ಣಕ್ಷರದಲ್ಲಿರುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಕೆಳಗಿನ ಉತ್ತರಗಳಿಗೆಲ್ಲ ಅದು ಬೇಕಾಗುತ್ತದೆ.

ನನಗೆ 34 ವರ್ಷ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಮೂರು ತಿಂಗಳಿಂದ ಯಾವುದರಲ್ಲೂ ಮನಸ್ಸಿಲ್ಲ, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಎದೆ ಡವಗುಟ್ಟುತ್ತದೆ. ಡಾಕ್ಟರು ಎಸ್ಸಿಟಾಲೋಪ್ರಾಮ್ 10 ಎಂ.ಜಿ. ಬರೆದುಕೊಟ್ಟರು. ಎಂಟು ದಿನವಾಯಿತು. ಹೊಟ್ಟೆ ತೊಳಸುತ್ತದೆ, ಗಾಬರಿ ಮೊದಲಿಗಿಂತ ಜಾಸ್ತಿಯಾಗಿದೆ. ಬಿಟ್ಟುಬಿಡಲೇ?
— ಗೃಹಿಣಿ, ಶಿಡ್ಲಘಟ್ಟ ತಾಲ್ಲೂಕು

ಬಿಡಬೇಡಿ. ಆದರೆ ಸುಮ್ಮನೆ ಸಹಿಸಿಕೊಂಡೂ ಇರಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಆತಂಕ ಹೆಚ್ಚಿರುವವರಿಗೆ ಮೊದಲ ವಾರ 5 ಎಂ.ಜಿ. ಕೊಟ್ಟು ಆಮೇಲೆ 10ಕ್ಕೆ ಏರಿಸುವುದುಂಟು. ನಿಮಗೆ ನೇರವಾಗಿ 10ರಿಂದ ಶುರುವಾಗಿದೆ. ಒಂದು ವಾರ ಅರ್ಧಕ್ಕೆ ಇಳಿಸೋಣವೇ ಎಂದು ಅವರನ್ನೇ ಕೇಳಿ.

ಹೀಗೇಕಾಗುತ್ತದೆ ಎಂದರೆ, ಈ ಮಾತ್ರೆ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತದೆ. ದೇಹದ ಸೆರೊಟೋನಿನ್ನಿನಲ್ಲಿ ನೂರಕ್ಕೆ ಸುಮಾರು 90 ಭಾಗ ಇರುವುದು ಕರುಳಿನಲ್ಲಿ. ಹಾಗಾಗಿ ಮೊದಲು ಹೊಟ್ಟೆಗೇ ಗೊತ್ತಾಗುತ್ತದೆ: ವಾಕರಿಕೆ, ಭೇದಿ, ಬಾಯಿ ಒಣಗುವುದು. ಜೊತೆಗೆ ತಲೆನೋವು, ಕೈ ನಡುಕ, ಗಾಬರಿ. ಇವು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತವೆ. ಮಿದುಳು ಈ ಬದಲಾವಣೆಗೆ ಹೊಂದಿಕೊಂಡು ಮನಸ್ಸು ಹಗುರಾಗಲು ಮಾತ್ರ ಎರಡರಿಂದ ನಾಲ್ಕು ವಾರ, ಪೂರ್ತಿ ಫಲ ಕಾಣಲು ಆರರಿಂದ ಎಂಟು ವಾರ ಹಿಡಿಯುತ್ತದೆ. ತೊಂದರೆ ಮೊದಲು ಬಂದು ಗುಣ ಆಮೇಲೆ ಬರುವುದರಿಂದಲೇ ಎಷ್ಟೋ ಜನ ಎರಡನೇ ವಾರದಲ್ಲಿ ಮಾತ್ರೆ ಬಿಟ್ಟು, 'ನನಗೆ ಆ ಮಾತ್ರೆ ಆಗಿಬರಲಿಲ್ಲ' ಎನ್ನುತ್ತಾರೆ. ಅದು ಆಗಿಬರುತ್ತದೋ ಇಲ್ಲವೋ ನೋಡುವಷ್ಟು ದಿನ ಅವರು ತೆಗೆದುಕೊಂಡೇ ಇರುವುದಿಲ್ಲ.

ಬೆಳಿಗ್ಗೆ ತಿಂಡಿಯಾದ ಮೇಲೆ ತೆಗೆದುಕೊಳ್ಳಿ, ಖಾಲಿ ಹೊಟ್ಟೆಯಲ್ಲಿ ಬೇಡ. ಮಾತ್ರೆ ತಿಂದರೆ ತೂಕಡಿಕೆ ಬರುತ್ತದೆ ಎನ್ನುವವರು ರಾತ್ರಿಗೆ ಬದಲಿಸಿಕೊಳ್ಳಬಹುದು. ಒಂದು ದಿನ ಮರೆತರೆ, ಅದೇ ದಿನ ನೆನಪಾದಾಗ ತೆಗೆದುಕೊಳ್ಳಿ. ಮಾರನೇ ದಿನ ನೆನಪಾದರೆ ಹೋದದ್ದು ಹೋಯಿತು, ಎರಡು ಮಾತ್ರೆ ಒಟ್ಟಿಗೆ ನುಂಗಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಮೂರು ಅಂಕಿ ಬರೆಯಿರಿ: ಎಷ್ಟು ಗಂಟೆ ನಿದ್ದೆ, ಎಷ್ಟು ಸಲ ಊಟ, ಗಾಬರಿಗೆ ಹತ್ತರಲ್ಲಿ ಎಷ್ಟು. ಮೊದಲು ಸುಧಾರಿಸುವುದು ನಿದ್ದೆ, ಹಸಿವು, ಕೈಕಾಲಿನ ಚುರುಕು; ಮನಸ್ಸಿನ ಭಾರ ಇಳಿಯುವುದು ಕೊನೆಗೆ. ಮೂರಕ್ಕೆ ಏಳುತ್ತಿದ್ದವರು ನಾಲ್ಕೂವರೆಗೆ ಎದ್ದರೂ ನಿಮಗೆ ಅದು ಲೆಕ್ಕಕ್ಕೆ ಬರುವುದಿಲ್ಲ, ಕ್ಯಾಲೆಂಡರಿನಲ್ಲಿ ಮಾತ್ರ ಕಾಣುತ್ತದೆ. ನಾಲ್ಕು ವಾರವಾದರೂ ಮೂರು ಅಂಕಿಯಲ್ಲಿ ಒಂದೂ ಅಲುಗದಿದ್ದರೆ ಡೋಸ್ ಬದಲಿಸುವ ವಿಚಾರ ಡಾಕ್ಟರ ಹತ್ತಿರ ಮಾತಾಡಿ. ಥೈರಾಯ್ಡ್‌ಗೆ ಟಿ.ಎಸ್.ಎಚ್., ರಕ್ತಹೀನತೆಗೆ ಹಿಮೋಗ್ಲೋಬಿನ್ ಇನ್ನೂ ಮಾಡಿಸಿರದಿದ್ದರೆ ಆಗ ಮಾಡಿಸಿ, ಥೈರಾಯ್ಡ್ ಹಾರ್ಮೋನಿನ ಕೊರತೆ, ರಕ್ತಹೀನತೆ ಕೂಡ ಖಿನ್ನತೆಯಂತೆಯೇ ಸುಸ್ತು ಮಾಡುತ್ತವೆ.

ಕೂತಲ್ಲಿ ಕೂರಲಾಗದ ಚಡಪಡಿಕೆ, ನಿದ್ದೆಯೇ ಇಲ್ಲದೆ ವಿಪರೀತ ಹುರುಪು, ಸಾಯಬೇಕೆನ್ನುವ ಯೋಚನೆ: ಈ ಮೂರರಲ್ಲಿ ಯಾವುದು ಬಂದರೂ ಮುಂದಿನ ತಪಾಸಣೆಯ ತಾರೀಖಿಗೆ ಕಾಯಬಾರದು, ಅವತ್ತೇ ತೋರಿಸಬೇಕು. ಮನೆಯವರಿಗೂ ಇದನ್ನು ಹೇಳಿಡಿ. ಅಲ್ಲಿಯವರೆಗೆ ಮಾತ್ರೆ ಡಬ್ಬಿ ಮನೆಯ ಇನ್ನೊಬ್ಬರ ಕೈಯಲ್ಲಿರಲಿ.

ಎರಡು ವರ್ಷದ ಹಿಂದೆ ಆತಂಕಕ್ಕೆಂದು ಬರೆದುಕೊಟ್ಟ ಮಾತ್ರೆಯನ್ನು ಅದೇ ಹಳೇ ಚೀಟಿ ತೋರಿಸಿ ಮೆಡಿಕಲ್ಸ್‌ನಲ್ಲಿ ತರುತ್ತಿದ್ದೆ. ಈಗ ಆರಾಮಾಗಿದ್ದೇನೆಂದು ಐದು ದಿನದ ಹಿಂದೆ ನಿಲ್ಲಿಸಿದೆ. ಮೂರನೇ ದಿನದಿಂದ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಝುಮ್ಮೆನ್ನುತ್ತದೆ, ನಿದ್ದೆಯೇ ಇಲ್ಲ. ಕಾಯಿಲೆ ತಿರುಗಿ ಬಂತೇ?
— 41 ವರ್ಷದ ಓದುಗರು, ತುಮಕೂರು

ಸ್ಟ್ರಿಪ್ಪಿನ ಫೋಟೋ ಕಳಿಸಿದ್ದು ಒಳ್ಳೆಯದಾಯಿತು. ಅದರಲ್ಲಿ ಎಸ್ಸಿಟಾಲೋಪ್ರಾಮ್ 10 ಎಂ.ಜಿ. ಪಕ್ಕದಲ್ಲೇ ಕ್ಲೋನಾಜೆಪಾಮ್ 0.5 ಎಂ.ಜಿ. ಎಂದಿದೆ. ಒಂದೇ ಮಾತ್ರೆ, ಒಳಗೆ ಎರಡು ಔಷಧ. ನಮ್ಮ ಕಡೆ ಈ ಜೋಡಿ ಮಾತ್ರೆಯನ್ನು ಬಹಳ ಬರೆಯುತ್ತಾರೆ, ಎರಡು ಔಷಧ ಇವೆ ಎಂದು ರೋಗಿಗೆ ಹೇಳುವುದು ಕಡಿಮೆ.

ಎಸ್ಸಿಟಾಲೋಪ್ರಾಮ್ ನಿಧಾನವಾಗಿ ಕೆಲಸ ಮಾಡುತ್ತದೆ, ಅದಕ್ಕೆ ಚಟ ಹತ್ತುವುದಿಲ್ಲ, ಡೋಸ್ ಏರಿಸುತ್ತಲೇ ಹೋಗಬೇಕೆಂಬ ಹಂಬಲವೂ ಹುಟ್ಟುವುದಿಲ್ಲ. ಕ್ಲೋನಾಜೆಪಾಮ್ ಬೇರೆ ಜಾತಿಯದು. ಮೊದಲ ಎರಡರಿಂದ ನಾಲ್ಕು ವಾರದ ಗಾಬರಿ ತಡೆಯಲು ಅದನ್ನು ಕೊಡುತ್ತಾರೆ, ಆಮೇಲೆ ಬಿಡಿಸಬೇಕು. ತಿಂಗಳುಗಟ್ಟಲೆ ತಿಂದರೆ ಮೈ ಅದಕ್ಕೆ ಒಗ್ಗಿಬಿಡುತ್ತದೆ, ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಕೆಟ್ಟು ನಡುಕ ಬರುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ನೀವು ಎರಡನ್ನೂ ಒಂದೇ ದಿನ ನಿಲ್ಲಿಸಿದ್ದೀರಿ. ತಲೆಯಲ್ಲಿ ಕರೆಂಟ್ ಹೊಡೆದಂತಾಗುವುದು, ತಲೆಸುತ್ತು, ವಿಚಿತ್ರ ಕನಸು, ಸಿಡುಕು ಇವು ಎಸ್ಸಿಟಾಲೋಪ್ರಾಮ್ ಜಾತಿಯ ಔಷಧ ಬಿಟ್ಟಾಗಿನ ಲಕ್ಷಣ. ಕಾಯಿಲೆ ಮರಳುವುದಾದರೆ ವಾರಗಳ ಮೇಲೆ, ಮೆಲ್ಲಗೆ, ಹಳೆಯ ರೂಪದಲ್ಲೇ ಬರುತ್ತದೆ. ಬಿಟ್ಟ ಎರಡು ಮೂರು ದಿನದಲ್ಲಿ, ಹಿಂದೆಂದೂ ಇರದ ಲಕ್ಷಣಗಳೊಂದಿಗೆ ಬಂದರೆ ಅದು ಬಿಟ್ಟದ್ದರ ಪರಿಣಾಮ.

ಇವತ್ತೇ ಡಾಕ್ಟರನ್ನು ಕಾಣಿ. ಸಾಮಾನ್ಯವಾಗಿ ಅವರು ಹಳೆಯ ಡೋಸನ್ನೇ ಮತ್ತೆ ಶುರು ಮಾಡಿ, ಲಕ್ಷಣಗಳು ಅಡಗಿದ ಮೇಲೆ ಇಳಿಸುತ್ತಾರೆ. ಆಗ ಒಂದು ಮಾತು ಕೇಳಿ: 'ಜೋಡಿ ಮಾತ್ರೆ ಬೇಡ, ಎರಡನ್ನೂ ಬೇರೆ ಬೇರೆ ಬರೆದುಕೊಡಿ.' ಜೋಡಿ ಮಾತ್ರೆಯನ್ನು ಅರ್ಧ ಮುರಿದರೆ ಎರಡೂ ಒಟ್ಟಿಗೇ ಅರ್ಧವಾಗುತ್ತವೆ, ಯಾವುದು ತೊಂದರೆ ಕೊಟ್ಟಿತು ಎಂದು ತಿಳಿಯುವುದೇ ಇಲ್ಲ. ಬೇರೆ ಮಾಡಿದರೆ ಎಸ್ಸಿಟಾಲೋಪ್ರಾಮ್ 10 ಹಾಗೇ ಇಟ್ಟು ಮೊದಲು ಕ್ಲೋನಾಜೆಪಾಮ್ ಇಳಿಸಬಹುದು. ಅದು 0.25ರಲ್ಲೂ ಸಿಗುತ್ತದೆ. ದಿನಾ 0.25ರ ಎರಡು, ಎರಡು ವಾರದ ಮೇಲೆ ಒಂದೂವರೆ, ಮತ್ತೆರಡು ವಾರದ ಮೇಲೆ ಒಂದು, ಆಮೇಲೆ ಅರ್ಧ: ಇದು ಒಂದು ಮಾದರಿ ಅಷ್ಟೇ. ನಿಮ್ಮ ಮೈ ಹೇಗೆ ತಡೆಯುತ್ತದೋ ನೋಡಿ ಡಾಕ್ಟರು ಇನ್ನೂ ನಿಧಾನ ಮಾಡಬಹುದು. ಅದು ಪೂರ್ತಿ ಹೋದ ಮೇಲೆ ಎಸ್ಸಿಟಾಲೋಪ್ರಾಮ್ 10ರಿಂದ 5ಕ್ಕೆ, ಕೆಲವು ವಾರದ ನಂತರ ಇನ್ನೂ ಕೆಳಕ್ಕೆ. ಒಂದು ದಿನ ಬಿಟ್ಟು ಒಂದು ದಿನ ತಿನ್ನುವ ಪದ್ಧತಿ ಇಳಿಸುವ ದಾರಿಯಲ್ಲ, ರಕ್ತದಲ್ಲಿ ಔಷಧದ ಮಟ್ಟ ದಿನಾ ಏರಿ ಇಳಿದು ಒದ್ದಾಟ ಇನ್ನೂ ಹೆಚ್ಚುತ್ತದೆ.

ನಿಲ್ಲಿಸುವ ಹೊತ್ತೂ ಮುಖ್ಯ. ಖಿನ್ನತೆ ಮೊದಲ ಸಲ ಬಂದಿದ್ದರೆ, ಪೂರ್ತಿ ಆರಾಮಾದ ದಿನದಿಂದ ಎಣಿಸಿ ಆರರಿಂದ ಒಂಬತ್ತು ತಿಂಗಳು ಅದೇ ಡೋಸ್ ಮುಂದುವರಿಸಬೇಕು. ಆತಂಕಕ್ಕೆ ಸುಮಾರು ಒಂದು ವರ್ಷ. ಪದೇ ಪದೇ ಬಂದವರಿಗೆ ಎರಡು ವರ್ಷ ಅಥವಾ ಹೆಚ್ಚು. ಎಸ್ಸಿಟಾಲೋಪ್ರಾಮ್ ಮಟ್ಟಿಗೆ ನಿಮ್ಮ ಎರಡು ವರ್ಷದ ಲೆಕ್ಕ ತಪ್ಪಲ್ಲ, ನಿಲ್ಲಿಸಿದ ರೀತಿ ತಪ್ಪು.

ಅಮ್ಮನಿಗೆ 68. ಬಿಪಿ ಮಾತ್ರೆ ಮೊದಲಿಂದ ಇದೆ. ಅಪ್ಪ ಹೋದ ಮೇಲೆ ತುಂಬ ಕುಗ್ಗಿದ್ದರು, ಸರ್ಟ್ರಾಲಿನ್ 50 ಶುರು ಮಾಡಿ ಹನ್ನೆರಡು ದಿನ. ಈಗ ಸದಾ ಮಂಪರು, ಮಾತು ತಡವರಿಸುತ್ತದೆ, ನಡೆಯುವಾಗ ವಾಲುತ್ತಾರೆ. ಸುಸ್ತಿಗೆಂದು ಎಳನೀರು, ನೀರು ಜಾಸ್ತಿ ಕುಡಿಸುತ್ತಿದ್ದೇವೆ.
— ಮಗಳು, ಚಿಂತಾಮಣಿ

ಈ ಸಂಚಿಕೆ ಕೈಗೆ ಬರುವವರೆಗೆ ಕಾಯಬಾರದೆಂದು ನಿಮಗೆ ಫೋನಿನಲ್ಲೇ ತಿಳಿಸಿದ್ದೇವೆ. ಬೇರೆಯವರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ. ವಯಸ್ಸಾದವರಲ್ಲಿ ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್ ಜಾತಿಯ ಮಾತ್ರೆಗಳು ದೇಹದಲ್ಲಿ ನೀರು ನಿಲ್ಲಿಸಿ ರಕ್ತದ ಸೋಡಿಯಂ ಇಳಿಸಬಲ್ಲವು. ಮೊದಲ ಕೆಲವು ವಾರದಲ್ಲೇ ಇದು ಹೆಚ್ಚು. ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್ ಅಥವಾ ಇಂಡಪಮೈಡ್ ಸೇರಿದ್ದರೆ ಅಪಾಯ ಇನ್ನೂ ಜಾಸ್ತಿ. ಬಿಪಿ ಸ್ಟ್ರಿಪ್ಪಿನ ಸಣ್ಣಕ್ಷರವನ್ನೂ ಓದಿ. ಸೋಡಿಯಂ 135ರಿಂದ 145ರ ನಡುವೆ ಇರಬೇಕು. 'ಸೀರಂ ಎಲೆಕ್ಟ್ರೋಲೈಟ್ಸ್' ಪರೀಕ್ಷೆ ಮಾಡಿದರೆ ಅದೇ ದಿನ ಗೊತ್ತಾಗುತ್ತದೆ.

ಇಲ್ಲಿ ಉಪಚಾರವೇ ಮುಳುವಾಗುತ್ತದೆ. ನೀರು ಹೆಚ್ಚು ಕುಡಿಸಿದಷ್ಟೂ ಸೋಡಿಯಂ ಇನ್ನಷ್ಟು ತೆಳುವಾಗುತ್ತದೆ. ಉಪ್ಪುನೀರು ಕುಡಿಸಿದರೂ ಸರಿಹೋಗುವುದಿಲ್ಲ. ಮಂಪರು, ತಡವರಿಕೆ ಕಂಡರೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. 65 ದಾಟಿದವರಿಗೆ ಮಾತ್ರೆ ಶುರು ಮಾಡುವ ಮೊದಲೊಮ್ಮೆ, ಶುರು ಮಾಡಿ ಎರಡು ವಾರವಾದ ಮೇಲೆ ಇನ್ನೊಮ್ಮೆ ಸೋಡಿಯಂ ನೋಡಿಸುವುದು ಕ್ಷೇಮ. ಇದೇ ವಯಸ್ಸಿನವರಿಗೆ ಎಸ್ಸಿಟಾಲೋಪ್ರಾಮ್ ದಿನಕ್ಕೆ 10 ಎಂ.ಜಿ. ಮೀರಿಸಬಾರದು, ಹೃದಯದ ಬಡಿತ ಏರುಪೇರಾಗಬಹುದು.

ಮಂಡಿನೋವಿಗೆ ತಾವೇ ತರಿಸಿಕೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಈ ಮಾತ್ರೆಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಸಂಭವ ಹೆಚ್ಚುತ್ತದೆ. ಮಲ ಕಪ್ಪಗೆ ಡಾಂಬರಿನಂತಾದರೆ ತಡಮಾಡಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಟ್ರಮಡಾಲ್ ಮಾತ್ರ ಬೇಡ. ಟ್ರಮಡಾಲ್, ಒಣಕೆಮ್ಮಿನ ಸಿರಪ್ಪಿನಲ್ಲಿರುವ ಡೆಕ್ಸ್ಟ್ರೋಮೆಥಾರ್ಫನ್ ಇವೂ ಸೆರೊಟೋನಿನ್ ಏರಿಸುತ್ತವೆ. ಎರಡೂ ಕಡೆಯಿಂದ ಏರಿದರೆ ಜ್ವರ, ಬೆವರು, ಮೈ ಅದುರುವುದು, ಗೊಂದಲ ಒಟ್ಟಿಗೆ ಬರಬಹುದು. ಅದು ತುರ್ತು ಚಿಕಿತ್ಸೆಯ ಸಂಗತಿ.

ಅಣ್ಣನಿಗೆ ಬರೆದುಕೊಟ್ಟ ಫ್ಲೂಆಕ್ಸೆಟಿನ್ 20 ಮನೆಯಲ್ಲಿದೆ. ನನಗೂ ಅವನ ಹಾಗೇ ಆಗುತ್ತಿದೆ. ತೆಗೆದುಕೊಳ್ಳಬಹುದೇ? ವಯಸ್ಸು 20.
— ಕಾಲೇಜು ವಿದ್ಯಾರ್ಥಿ, ಕೋಲಾರ

ಬೇಡಪ್ಪ. ಇಪ್ಪತ್ತೈದರೊಳಗಿನವರಲ್ಲಿ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಕೆಲವೊಮ್ಮೆ ಹೆಚ್ಚಾಗುತ್ತದೆ, ಅದಕ್ಕೇ ವೈದ್ಯರು ಈ ವಯಸ್ಸಿನವರನ್ನು ವಾರವಾರ ಕರೆದು ನೋಡುತ್ತಾರೆ. ಇನ್ನೊಂದು ಕಾರಣವೂ ಇದೆ. ಹಿಂದೆ ಎಂದಾದರೂ ನಾಲ್ಕೈದು ದಿನ ನಿದ್ದೆಯಿಲ್ಲದೆ ಅತಿ ಹುರುಪು, ಅತಿ ಮಾತು, ಅತಿ ಖರ್ಚು ಆಗಿದ್ದರೆ ಅದು ಬೈಪೋಲಾರ್, ಅಂದರೆ ಉನ್ಮಾದ, ಖಿನ್ನತೆ ಎರಡೂ ಬರುವ ಕಾಯಿಲೆ ಇರಬಹುದು, ಅಂಥವರಿಗೆ ಈ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದ ಏಳಬಹುದು. ಅಣ್ಣನಿಗೆ ಇರುವುದು ಹೇಳಿ, ನೀವೇ ಹೋಗಿ ತೋರಿಸಿ. ಈಗಲೇ ಮನಸ್ಸು ತಡೆಯದಿದ್ದರೆ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮಾತ್ರೆ ಶುರುವಾದ ಮೇಲೆ ಹೆಂಡತಿಯೊಂದಿಗೆ ಕೂಡುವ ಆಸೆಯೇ ಹೋಗಿದೆ. ಡಾಕ್ಟರಿಗೆ ಹೇಳಲು ಸಂಕೋಚ. ವಾರಕ್ಕೊಮ್ಮೆ ಡ್ರಿಂಕ್ಸ್ ತೆಗೆದುಕೊಳ್ಳಬಹುದೇ?
— ಫ್ಯಾಕ್ಟರಿ ನೌಕರ, ನರಸಾಪುರ

ಹೇಳಿ. ಇದು ಬಹಳ ಜನಕ್ಕೆ ಆಗುವ ಅಡ್ಡಪರಿಣಾಮ, ನಿಮ್ಮ ಗಂಡಸುತನದ ಕೊರತೆಯಲ್ಲ. ಡೋಸ್ ತಗ್ಗಿಸಬಹುದು, ಮಿರ್ಟಜಾಪಿನ್ ಅಥವಾ ಬ್ಯುಪ್ರೋಪಿಯಾನ್‌ಗೆ ಬದಲಿಸಬಹುದು. ಹೇಳದೆ ಮಾತ್ರೆ ಬಿಟ್ಟವರು ಕಾಯಿಲೆಯನ್ನು ಮತ್ತೆ ಕರೆಸಿಕೊಳ್ಳುತ್ತಾರೆ. ಡ್ರಿಂಕ್ಸ್ ಬೇಡ, ಅದು ಖಿನ್ನತೆಯನ್ನೇ ಬೆಳೆಸುತ್ತದೆ. ನಿಮ್ಮ ಸ್ಟ್ರಿಪ್ಪಿನಲ್ಲಿ ಕ್ಲೋನಾಜೆಪಾಮ್ ಇದ್ದರಂತೂ ಕುಡಿದು ಬೈಕ್ ಹತ್ತುವ ಮಾತೇ ಇಲ್ಲ, ಉಸಿರಾಟವೇ ಕುಗ್ಗಬಹುದು.

ಸರ್ಟ್ರಾಲಿನ್ 50 ತೆಗೆದುಕೊಳ್ಳುತ್ತಿದ್ದೆ. ಈಗ ಮೂರು ತಿಂಗಳ ಗರ್ಭಿಣಿ. ಅತ್ತೆಯವರು ನಿಲ್ಲಿಸು ಎನ್ನುತ್ತಾರೆ. ಇಲ್ಲಿ ಮನೋವೈದ್ಯರು ಹತ್ತಿರವಿಲ್ಲ.
— ಪಾವಗಡ ತಾಲ್ಲೂಕು

ಅತ್ತೆಯವರ ಕಾಳಜಿ ಮಗುವಿನ ಮೇಲಿನದು. ಆದರೆ ಒಮ್ಮೆಲೇ ನಿಲ್ಲಿಸಿ ಖಿನ್ನತೆ ಮರಳಿದರೆ ಊಟ, ನಿದ್ದೆ, ತಪಾಸಣೆ ಎಲ್ಲ ತಪ್ಪಿ ಮಗುವಿಗೂ ತೊಂದರೆಯಾಗುತ್ತದೆ. ಗರ್ಭಿಣಿಯರಲ್ಲಿ ಹೆಚ್ಚು ಬಳಸಿ ನೋಡಿರುವ ಔಷಧಗಳಲ್ಲಿ ಸರ್ಟ್ರಾಲಿನ್ ಒಂದು, ಎದೆಹಾಲಿಗೆ ಇಳಿಯುವುದೂ ಬಹಳ ಕಡಿಮೆ. ಮುಂದುವರಿಸಬೇಕೇ ಎಂಬುದನ್ನು ಮನೋವೈದ್ಯರು, ಹೆರಿಗೆ ವೈದ್ಯರು ಇಬ್ಬರೂ ಸೇರಿ ತೀರ್ಮಾನಿಸಲಿ. ಹೆರಿಗೆಯ ಸಮಯದಲ್ಲಿ ಮಾತ್ರೆಯ ವಿಷಯ ಮೊದಲೇ ಹೇಳಿ, ಕೆಲವು ಶಿಶುಗಳಿಗೆ ಮೊದಲ ದಿನಗಳಲ್ಲಿ ನಡುಕ, ಕಿರಿಕಿರಿ ಇರುತ್ತದೆ, ನೋಡಿಕೊಳ್ಳುತ್ತಾರೆ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ಕ್ಲಿನಿಕ್ ಇರುತ್ತದೆ. ಮನೋವೈದ್ಯರು ಯಾವ ವಾರ ಬರುತ್ತಾರೆಂದು ನಿಮ್ಮ ಆಶಾ ಕಾರ್ಯಕರ್ತೆಯ ಮೂಲಕ ಮೊದಲೇ ವಿಚಾರಿಸಿ. ತುಮಕೂರು ಜಿಲ್ಲಾ ಆಸ್ಪತ್ರೆಯಲ್ಲೂ ತೋರಿಸಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಂಖ್ಯೆ 14416 ದಿನದ 24 ಗಂಟೆಯೂ ಉಚಿತ. ದುಡ್ಡಿನ ಚಿಂತೆಯಿದ್ದರೆ ಜನೌಷಧಿ ಅಂಗಡಿಯಲ್ಲಿ ಇದೇ ಔಷಧ ಕಡಿಮೆ ಬೆಲೆಗೆ ಸಿಗುತ್ತದೆ, ಕಂಪನಿ ಹೆಸರಿನ ಬದಲು 'ಸರ್ಟ್ರಾಲಿನ್ 50' ಎಂದು ಕೇಳಿ.

ಹೋಗುವಾಗ ತಾಯಿ ಕಾರ್ಡ್, ಈಗಿನ ಸ್ಟ್ರಿಪ್, ಐರನ್ ಮತ್ತು ಕ್ಯಾಲ್ಸಿಯಂ ಸೇರಿ ತಿನ್ನುವ ಎಲ್ಲ ಮಾತ್ರೆಗಳ ಪಟ್ಟಿ ತೆಗೆದುಕೊಂಡು ಹೋಗಿ. ಸಾಧ್ಯವಾದರೆ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರು ಹೇಳುವುದನ್ನು ಅವರೂ ಕೇಳಿಸಿಕೊಳ್ಳಲಿ.