ಕಂಬಿಯ ತುದಿ ಕಳಿಸಿ, ಮಷಿನ್ ಫೋಟೊ ಬೇಡ

ಹೋದ ತಿಂಗಳು ಈ ಅಂಕಣದಲ್ಲಿ ಕಟ್ಟಡದ ಕಂಬಿ ಕಟ್ ಮಾಡುವ ಮಷಿನ್ನಿನ ಬಗ್ಗೆ ಪ್ರಶ್ನೆ ಇದ್ದರೆ ಬರೆಯಿರಿ ಎಂದಿದ್ದೆ. ಜೊತೆಗೆ ಒಂದು ಮಾತು ಸೇರಿಸಿದ್ದೆ: ಫೋಟೊ ಬೇಡ, ಮಷಿನ್ ಕತ್ತರಿಸಿದ ಕಂಬಿಯ ತುಂಡು ಒಂದು ಕಳಿಸಿ. ಕಳಿಸಿದ್ದೀರಿ. ಹುಬ್ಬಳ್ಳಿಯ ನನ್ನ ಶೆಡ್ಡಿನ ಮೇಜಿನ ಮೇಲೆ ಈಗ ಹದಿನಾಲ್ಕು ತುಂಡುಗಳಿವೆ. ಚಹಾ ತರುವ ಹುಡುಗ, "ಕಾಕಾ, ಗುಜರಿ ಅಂಗಡಿ ಇಟ್ರಿ ಏನು?" ಅಂದ.

ತುದಿ ಯಾಕೆ ಬೇಕು ಅಂದರೆ, ಸರಿಯಾಗಿ ಕತ್ತರಿಸಿದ ಕಂಬಿಯ ಮುಖದಲ್ಲಿ ಒಂದು ಬದಿಗೆ ನುಣ್ಣಗೆ ಹೊಳೆಯುವ ಪಟ್ಟಿ ಇರುತ್ತದೆ, ಉಳಿದದ್ದು ಬೂದು ಬಣ್ಣದ ತರಿತರಿ. ಹೊಳೆಯುವುದು ಬ್ಲೇಡು ಕೊರೆದ ಭಾಗ, ತರಿ ಇರುವುದು ಮುರಿದ ಭಾಗ. ಬ್ಲೇಡುಗಳ ನಡುವೆ ಸಂದು ಜಾಸ್ತಿಯಾದರೆ ಅಂಚು ಉರುಟಾಗಿ ಬಾಲ ಬರುತ್ತದೆ. ತೀರಾ ಕಡಿಮೆಯಾದರೆ ಹೊಳಪಿನ ಪಟ್ಟಿ ಎರಡು ಕಡೆ ಕಾಣುತ್ತದೆ. ಬ್ಲೇಡು ಮೊಂಡಾಗಿದ್ದರೆ ತುದಿ ಚಪ್ಪಟೆ. ಮುಕ್ಕಾಲು ಪಾಲು ದೂರು ಇಷ್ಟರಲ್ಲೇ ತಿಳಿದುಬಿಡುತ್ತದೆ.

ಕಾಕಾ, 16, 20 ಎಂಎಂ ಚಲೋ ಕಟ್ ಆಗ್ತಾವ. 8 ಎಂಎಂ ಹಾಕಿದ್ರ ಮಾತ್ರ ಕಂಬಿ ಬ್ಲೇಡಿನ ನಡುವ ಮಡಚಿಕೊಂಡು ಸಿಕ್ಕಿಬೀಳ್ತದ. ಎರಡು ಸಲ ಹೊಸ ಬ್ಲೇಡ್ ಹಾಕಿದೆ. ಅಂಗಡಿಯವರು ಇನ್ನೊಂದು ಜೋಡಿ ತಗೋ ಅಂತಾರ. ಏನ್ ಮಾಡ್ಲಿ? (ಸಿಂಧನೂರಿನಿಂದ ಕಂಬಿ ಕಡಿದು ಬಗ್ಗಿಸುವ ಒಬ್ಬ ಬಾರ್ ಬೆಂಡರ್)

ಮೂರನೇ ಜೋಡಿ ತಗೋಬ್ಯಾಡ ತಮ್ಮಾ. ನೀ ಕಳಿಸಿದ ತುಂಡಿನ ತುದಿ ಗಿಳಿಮೂತಿಯ ಹಾಗೆ ಬಾಗಿದೆ. ಬ್ಲೇಡಿನ ಬಾಯಿ ಚೂಪಾಗೇ ಇದೆ, ಅದು ಕೂತ ಜಾಗ ಸರಿ ಇಲ್ಲ. ದಪ್ಪ ಕಂಬಿಗೆ ಒಂದೂವರೆ ಎಂಎಂ ಸಂದು ಇದ್ದರೂ ಹೇಗೋ ತುಂಡಾಗುತ್ತದೆ. 8 ಎಂಎಂ ಕಂಬಿಗೆ ಅಷ್ಟು ದಾರಿ ಸಿಕ್ಕರೆ ತುಂಡಾಗುವ ಬದಲು ಒಳಗೆ ನುಸುಳಿ ಮಡಚಿಕೊಳ್ಳುತ್ತದೆ.

ಮೊದಲು ಕರೆಂಟು ತೆಗಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೋ. ಆಮೇಲೆ ಫ್ಲೈವೀಲ್, ಅಂದರೆ ಮೋಟರ್ ತಿರುಗಿಸುವ ಭಾರದ ಗಾಲಿ, ಕೈಯಿಂದ ತಿರುಗಿಸಿ, ಓಡಾಡುವ ಬ್ಲೇಡು ನಿಂತ ಬ್ಲೇಡಿನ ಮಗ್ಗುಲಿಗೆ ಬರುವ ಹಾಗೆ ಮಾಡು. ಇಲ್ಲಿ ಸಂದು ಅರ್ಧ ಎಂಎಂನಿಂದ ಒಂದು ಎಂಎಂ ಒಳಗಿರಬೇಕು. ರಿಂಗಿನ ತೆಳ್ಳನೆ ಕಂಬಿಯೇ ಹೆಚ್ಚು ಕತ್ತರಿಸುವವರಿಗೆ ಅರ್ಧದ ಹತ್ತಿರ ಇದ್ದರೆ ಒಳ್ಳೆಯದು. ಸಂದು ಅಳೆಯುವ ಫೀಲರ್ ಗೇಜ್ ಇಲ್ಲದಿದ್ದರೆ ಹ್ಯಾಕ್ಸಾ ಬ್ಲೇಡ್ ಸಾಕು, ಅದರ ಬೆನ್ನಿನ ದಪ್ಪ ಸುಮಾರು 0.6 ಎಂಎಂ. ಹಲ್ಲಿನ ಕಡೆ ತೂರಿಸಬೇಡ, ಹಲ್ಲು ಅತ್ತಿತ್ತ ಬಾಗಿರುವುದರಿಂದ ಅಳತೆ ತಪ್ಪುತ್ತದೆ. ಒಂದು ಬಿಗಿಯಾಗಿ ಹೋದರೆ ಸರಿ. ಎರಡು ಜೋಡಿಸಿದರೂ ಸಲೀಸಾಗಿ ಹೋದರೆ ನಿನ್ನ ರೋಗ ಅದೇ. ಮೇಲೆ, ಕೆಳಗೆ ಎರಡೂ ಕಡೆ ನೋಡು. ಮೇಲೆ ಬಿಗಿ, ಕೆಳಗೆ ಸಡಿಲ ಇದ್ದರೆ ಬ್ಲೇಡು ಸೊಟ್ಟ ಕೂತಿದೆ.

ಸೊಟ್ಟ ಕೂರುವುದಕ್ಕೆ ದೊಡ್ಡ ಕಾರಣ ಬೇಕಿಲ್ಲ. ಬೋಲ್ಟ್ ಬಿಚ್ಚಿ ಬ್ಲೇಡು ತೆಗೆದು ಅದರ ಹಿಂದಿನ ಗೂಡಿಗೆ ಬೆರಳು ಹಾಕು. ಟಿಎಂಟಿ ಕಂಬಿಯ ಮೇಲಿನ ಕಪ್ಪು ಸಿಪ್ಪೆ ಪುಡಿಯಾಗಿ, ಗ್ರೀಸಿನ ಜೊತೆ ಕಲಸಿ, ಒಣಗಿ ಕಲ್ಲಾಗಿರುತ್ತದೆ. ಅದರ ಮೇಲೆ ಎಷ್ಟು ಹೊಸ ಬ್ಲೇಡು ಹಾಕಿದರೂ ಸೊಟ್ಟವೇ. ಡೀಸೆಲ್ ಹಚ್ಚಿ ವೈರ್ ಬ್ರಷ್‌ನಿಂದ ಉಜ್ಜು, ಎದ್ದ ಗೀರು ಇದ್ದರೆ ಅರದಿಂದ ಸಮ ಮಾಡು, ಉಗುರಿಗೆ ಏನೂ ತಾಗಬಾರದು. ಇಷ್ಟಾದ ಮೇಲೂ ಸಂದು ಜಾಸ್ತಿ ಇದ್ದರೆ ಮಾತ್ರ ನಿಂತ ಬ್ಲೇಡಿನ ಹಿಂದೆ ಶಿಮ್, ಅಂದರೆ ತೆಳ್ಳನೆ ತಗಡು, ಕೊಡು. ಉಕ್ಕಿನ ಶಿಮ್ ಕೊಡಬೇಕು, ಗೂಡಿನ ಪೂರ್ತಿ ಅಗಲಕ್ಕೆ ಕೊಡಬೇಕು. ಕೂಲ್‌ಡ್ರಿಂಕ್ ಡಬ್ಬಿ ಕತ್ತರಿಸಿ ಹಾಕಿದ್ದನ್ನು ನಾನು ಕಂಡಿದ್ದೇನೆ. ಅಲ್ಯುಮಿನಿಯಂ, ಎರಡೇ ದಿನಕ್ಕೆ ಹಪ್ಪಳ.

ಕೊನೆಗೆ ಒಂದು ಪರೀಕ್ಷೆ. ಓಡಾಡುವ ಬ್ಲೇಡಿನ ಪಕ್ಕಕ್ಕೆ ಸಣ್ಣ ಹಾರೆ ಕೊಟ್ಟು ಅಡ್ಡಕ್ಕೆ ಮೀಟು. ಟಕಟಕ ಅಂತ ಅಲ್ಲಾಡಿದರೆ ಅದು ಜಾರುವ ದಾರಿಗೆ ಹಾಕಿದ ಪಟ್ಟಿ, ಅಂದರೆ ಲೈನರ್, ಸವೆದಿದೆ. ಆಗ ಶಿಮ್ ಹಾಕಿದರೆ ಸಂದು ನಿಂತಾಗ ಸರಿ ಕಾಣುತ್ತದೆ, ಕಂಬಿ ಕಚ್ಚಿದ ಕೂಡಲೇ ಮತ್ತೆ ಬಾಯಿ ಬಿಡುತ್ತದೆ. ಲೈನರ್ ಬದಲಿಸದೆ ಬೇರೆ ದಾರಿಯಿಲ್ಲ. ಎಲ್ಲ ಜೋಡಿಸಿದ ಮೇಲೆ ಹತ್ತು ಕಂಬಿ ಕಟ್ ಮಾಡಿ, ಮತ್ತೆ ಕರೆಂಟು ತೆಗೆದು, ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡು. ಎಲ್ಲರೂ ಮರೆಯುವುದು ಈ ಎರಡನೇ ಬಿಗಿ.

ಅಣ್ಣಾ, ನಾನು ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡ್ತೀನಿ. 3 ಎಚ್‌ಪಿ ಸಿಂಗಲ್ ಫೇಸ್ ಕಟಿಂಗ್ ಮಷಿನ್ ನಮ್ಮ ಮನೆ ಹತ್ರ ಚೆನ್ನಾಗಿ ಓಡುತ್ತೆ. ಗಿರಾಕಿ ಸೈಟಿಗೆ ಹೋದ್ರೆ ಗುಂಯ್ ಅನ್ನುತ್ತೆ, ತಿರುಗಲ್ಲ. ಮೋಟರ್ ಸುಟ್ಟ ಮಷಿನ್ ಕೊಟ್ಟಿದ್ದೀರ ಅಂತ ಜಗಳ ತೆಗೀತಾರೆ. (ಹೊಸದುರ್ಗದಿಂದ ಒಬ್ಬ ಓದುಗರು)

ಅಕ್ಕಾ, ನಿಮ್ಮ ಮನೆ ಹತ್ತಿರ ಓಡುತ್ತದೆ ಅಂದ ಮೇಲೆ ಮೋಟರ್‌ದು ತಪ್ಪಿಲ್ಲ. ಗಿರಾಕಿ ಸೈಟಿಗೆ ಕರೆಂಟು ಎಲ್ಲಿಂದ ಎಳೆದಿದ್ದಾನೆ ನೋಡಿ. ಪಕ್ಕದ ಮನೆಯಿಂದ ಇನ್ನೂರು ಅಡಿ ತೆಳ್ಳನೆ ವೈರು, ನಡುವೆ ಮೂರು ಕಡೆ ಬರೀ ಕೈಯಲ್ಲಿ ಹೊಸೆದು ಟೇಪ್ ಸುತ್ತಿದ ಗಂಟು. ನಾನು ಹೋದ ಹತ್ತು ಸೈಟಿನಲ್ಲಿ ಎಂಟರ ಕಥೆ ಇದು.

ಲೆಕ್ಕ ಹೇಳುತ್ತೇನೆ, ಗಿರಾಕಿಗೆ ತೋರಿಸಿ. ಇನ್ನೂರು ಅಡಿ ಅಂದರೆ ಸುಮಾರು 60 ಮೀಟರ್, ಹೋಗಿ ಬರುವ ದಾರಿ 120. ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಅಷ್ಟು ದೂರಕ್ಕೆ ಹೆಚ್ಚುಕಡಿಮೆ ಒಂದೂವರೆ ಓಮ್ ತಡೆ ಇರುತ್ತದೆ. ಮೋಟರ್ ಓಡುವಾಗ 15 ಆಂಪ್ ಎಳೆದರೆ 22 ವೋಲ್ಟ್ ವೈರಿನಲ್ಲೇ ಹೋಯಿತು. ಅದನ್ನಾದರೂ ತಡೆದುಕೊಳ್ಳಬಹುದು. ಆದರೆ ಶುರುವಾಗುವ ಕ್ಷಣಕ್ಕೆ ಮೋಟರ್ ಇದರ ನಾಲ್ಕೈದು ಪಟ್ಟು ಎಳೆಯುತ್ತದೆ, ಆಗ ಅದರ ಕೈಗೆ ಸಿಗುವ ವೋಲ್ಟೇಜ್ ತೀರಾ ಕೆಳಗೆ ಬೀಳುತ್ತದೆ. ವೋಲ್ಟೇಜ್ ಅರ್ಧ ಆದರೆ ತಿರುಗಿಸುವ ಶಕ್ತಿ ಕಾಲು ಭಾಗ. ಭಾರದ ಫ್ಲೈವೀಲ್ ಅಷ್ಟಕ್ಕೆ ಏಳುವುದುಂಟೇ? ಗುಂಯ್ ಅನ್ನುತ್ತ ಒಂದು ನಿಮಿಷ ನಿಂತರೆ ಆಗ ನಿಜವಾಗಿಯೂ ಸುಡುತ್ತದೆ.

ಮಷಿನ್ ಜೊತೆ ನೀವೇ 4 ಸ್ಕ್ವೇರ್ ಎಂಎಂ ಕೇಬಲ್ ಕೊಡಿ, ಅದಕ್ಕೂ ಬಾಡಿಗೆ ಹಾಕಿ. ಮಧ್ಯೆ ಗಂಟು ಇರಬಾರದು. ಸುರುಳಿ ಪೂರ್ತಿ ಬಿಚ್ಚಿ ಹಾಕಲು ಹೇಳಿ, ಸುತ್ತಿಟ್ಟ ಕೇಬಲ್ ಒಳಗೇ ಕಾಯುತ್ತದೆ.

ಮುಂದೊಂದು ದಿನ ನಿಮ್ಮ ಮನೆ ಹತ್ತಿರವೂ ಗುಂಯ್ ಅಂದರೆ ಮಾತ್ರ ಮೋಟರಿನ ಕಡೆ ಬನ್ನಿ. ಶುರುವಿನಲ್ಲಿ ಮೋಟರಿಗೆ ನೂಕು ಕೊಡುವ ಸ್ಟಾರ್ಟಿಂಗ್ ಕಪ್ಯಾಸಿಟರ್ ಹೋಗಿರಬಹುದು, ಇಲ್ಲವೇ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ಚಿನ ಪಾಯಿಂಟ್ ಕರಕಲಾಗಿರಬಹುದು. ಕೈಯಿಂದ ಪುಲ್ಲಿ ತಿರುಗಿಸಿ ಸ್ಟಾರ್ಟ್ ಮಾಡುವ ಹುಡುಗರಿದ್ದಾರೆ, ಬೈದು ಬಿಡಿಸಿ. ಬೆಲ್ಟಿನ ನಡುವೆ ಬೆರಳು ಹೋಗುತ್ತದೆ.

ಪೆಡಲ್ ಬಿಟ್ಟ ಮೇಲೂ ಬ್ಲೇಡ್ ಇನ್ನೊಂದು ಏಟು ಹಾಕ್ತದೆ. ದಿನಕ್ಕೆ ಒಂದೆರಡು ಸಲ ಅಷ್ಟೆ. ಸೀಸನ್ ಮುಗಿದ ಮೇಲೆ ರಿಪೇರಿಗೆ ಬಿಡಬಹುದಾ? (ಮಂಡ್ಯದಿಂದ)

ಬೇಡ. ಈ ಸಾಲು ಓದಿದ ಕೂಡಲೇ ಮಷಿನ್ ನಿಲ್ಲಿಸಿ.

ಪೆಡಲ್ ಮಷಿನ್ನಿನಲ್ಲಿ ಫ್ಲೈವೀಲ್ ಸದಾ ತಿರುಗುತ್ತಿರುತ್ತದೆ, ಕ್ಲಚ್ಚಿನ ಪಿನ್ನು ಕಚ್ಚಿದಾಗ ಮಾತ್ರ ಬ್ಲೇಡಿಗೆ ಏಟು ಹೋಗುತ್ತದೆ. ಪೆಡಲ್ ಬಿಟ್ಟರೆ ಸ್ಪ್ರಿಂಗು ಪಿನ್ನನ್ನು ಹೊರಗೆ ಎಳೆಯಬೇಕು. ಸ್ಪ್ರಿಂಗು ಸೋತಿದ್ದರೆ, ಹಳೆಯ ಗ್ರೀಸು ಅಂಟಾಗಿದ್ದರೆ, ಪಿನ್ನಿನ ಮೂಲೆ ಸವೆದು ಉರುಟಾಗಿದ್ದರೆ ಅದು ಒಳಗೇ ನಿಂತು ಇನ್ನೊಂದು ಸುತ್ತು ಎಳೆದುಕೊಂಡು ಹೋಗುತ್ತದೆ. ಬಿಚ್ಚಿ, ತೊಳೆದು, ಪಿನ್ನು ಸ್ಪ್ರಿಂಗು ಎರಡನ್ನೂ ಹೊಸದು ಹಾಕಿಸಿ. ಸೈಕಲ್ ಅಂಗಡಿ ಸ್ಪ್ರಿಂಗು ಕತ್ತರಿಸಿ ಹಾಕುವುದು, ಪೆಡಲಿಗೆ ರಬ್ಬರ್ ಟ್ಯೂಬ್ ಕಟ್ಟುವುದು ಬೇಡ.

ನನ್ನ ಎಡಗೈ ತೋರುಬೆರಳಿಗೆ ಉಗುರಿಲ್ಲ. 1998ರಲ್ಲಿ, ಮದುವೆಯಾಗಿ ಇಪ್ಪತ್ತು ದಿನ, ಇದೇ ಎರಡನೇ ಏಟು. ಸಿಕ್ಕಿದ್ದ ತುಂಡನ್ನು ಎಳೆಯಲು ಕೈ ಹಾಕಿದ್ದೆ. ಅವತ್ತಿನಿಂದ ನನ್ನ ಶೆಡ್ಡಿನಲ್ಲಿ ಲೆಕ್ಕ ಹೀಗಿದೆ: ಕೈಗೂ ಬ್ಲೇಡಿಗೂ ನಡುವೆ ಕಡಿಮೆಯೆಂದರೆ 150 ಎಂಎಂ, ಅಂದರೆ ಅರ್ಧ ಅಡಿಯಷ್ಟು ದೂರ ಇರಬೇಕು. ಹಿಡಿಯುವ ಕಡೆ ಕಂಬಿ 400 ಎಂಎಂಗಿಂತ ಕಡಿಮೆ ಇದ್ದರೆ ಬರಿಗೈಯಲ್ಲಿ ಹಿಡಿಯುವಂತಿಲ್ಲ, ಪೈಪು ತೂರಿಸಿ ಹಿಡಿಯಬೇಕು.

ಮಷಿನ್ ಮೇಲೆ 25 ಎಂಎಂ ಅಂತ ಬರದಾರ. ನಾವು 16 ಎಂಎಂ ಅಷ್ಟೇ ಹಾಕ್ತೀವಿ, ಮೂರು ಮೂರು ಒಟ್ಟಿಗೆ. ಆದ್ರೂ ತಿಂಗಳಿಗೆ ಬ್ಲೇಡಿನ ಮೂಲಿ ಒಡೀತಾವ, ಬೆಲ್ಟ್ ಸುಟ್ಟ ವಾಸನಿ ಬರ್ತದ. (ಗದಗದಿಂದ ಒಬ್ಬ ಗುತ್ತಿಗೆದಾರರು)

"ಅಷ್ಟೇ" ಅನ್ನೋ ಮಾತಿನಾಗ ಐತಿ ನೋಡ್ರಿ ಎಲ್ಲಾ. 25 ಎಂಎಂ ಒಂದು ಕಂಬಿಯ ಅಡ್ಡಕೊಯ್ತ 491 ಚದರ ಎಂಎಂ. 16ರದ್ದು 201. ಮೂರಕ್ಕೆ 603 ಆಯಿತು. ಮಷಿನ್ನಿಗೆ ಹೇಳಿದ್ದಕ್ಕಿಂತ ಕಾಲು ಭಾಗ ಹೆಚ್ಚು ಕೊಟ್ಟು, ದಿನವಿಡೀ ದುಡಿಸುತ್ತಿದ್ದೀರಿ. ಎರಡೇ ಹಾಕಿ.

ಇನ್ನೊಂದು ಸಂಗತಿ. ಹಳೆಯ ಮಷಿನ್ನುಗಳ ತಗಡಿನ ಮೇಲಿನ ಅಂಕಿ ಎಷ್ಟೋ ಸಲ ಮೆದು ಉಕ್ಕಿನ ಸಾದಾ ಸರಳಿನ ಲೆಕ್ಕದ್ದು. ಆ ಸರಳಿನ ಎಳೆತದ ಬಲ ಚದರ ಎಂಎಂಗೆ 410 ನ್ಯೂಟನ್ ಆಸುಪಾಸು ಇದ್ದರೆ, ಈಗ ನೀವು ತರುವ ಫೆ 500 ದರ್ಜೆಯ ಕಂಬಿಗೆ ಭಾರತೀಯ ಮಾನಕ ಐಎಸ್ 1786ರ ಪ್ರಕಾರ ಕನಿಷ್ಠ 545 ಇರಬೇಕು. ಅಂಕಿ ಅದೇ ಇದೆ, ಕಂಬಿ ಮಾತ್ರ ಗಟ್ಟಿಯಾಗಿದೆ.

ಬೆಲ್ಟಿನ ವಾಸನೆ ಅದರ ಮರಿ. ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಹತ್ತು ಹನ್ನೆರಡು ಎಂಎಂ ತಗ್ಗಬೇಕು. ಬದಲಿಸುವಾಗ ಇದ್ದಷ್ಟನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು, ಎರಡು ಹಳೆಯದು ಹಾಕಿದರೆ ಹೊಸದೊಂದೇ ಭಾರ ಹೊತ್ತು ಹರಿಯುತ್ತದೆ. ಬ್ಲೇಡಿಗೆ ನಾಲ್ಕು ಮೂಲೆ ಇದ್ದರೆ ತಿರುಗಿಸಿ ಹಾಕಿ. ಸಾಣೆ ಹಿಡಿಸುವಾಗ ನೀಲಿ ಬಣ್ಣ ಬಂತೆಂದರೆ ಅದರ ಗಡಸು ಹೋಯಿತು, ನೀರು ಸುರಿಯುತ್ತ ಹಿಡಿಯುವವರ ಹತ್ತಿರ ಕೊಡಿ.

ಕೈಯಲ್ಲಿ ಹಿಡಿಯುವ ಹೈಡ್ರಾಲಿಕ್ ಕಟ್ಟರ್ ಉಂಟು. ಪಿಸ್ಟನ್ ಅರ್ಧ ಬಂದು ನಿಲ್ತದೆ, ಮತ್ತೆ ಹಿಂದೆ ಹೋಗುವುದೂ ಇಲ್ಲ. (ಉಡುಪಿಯಿಂದ)

ಇವು ಎರಡು ಬೇರೆ ಬೇರೆ ದೂರು. ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಎಣ್ಣೆ ಕಡಿಮೆಯಾಗಿ ಗಾಳಿ ಹೊಕ್ಕಿರುವುದರಿಂದ. ಕಂಪನಿ ಹೇಳಿದ ಹೈಡ್ರಾಲಿಕ್ ಎಣ್ಣೆಯನ್ನೇ ತುಂಬಿ, ಖಾಲಿ ನಾಲ್ಕಾರು ಸಲ ಓಡಿಸಿ ಗಾಳಿ ಹೊರಡಿಸಿ. ಬ್ರೇಕ್ ಆಯಿಲ್ ಹಾಕಿದರೆ ಸೀಲು ಉಬ್ಬಿ ಹಾಳಾಗುತ್ತದೆ. ಎಣ್ಣೆ ತುಂಬಿಯೂ ನಿಂತರೆ ರಿಟರ್ನ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಇಲ್ಲವೇ ಎಣ್ಣೆ ತಡೆಯುವ ರಬ್ಬರ್ ಬಳೆ, ಓ-ರಿಂಗ್, ಹೋಗಿದೆ. ಹಿಂದೆ ಹೋಗದಿರುವುದಕ್ಕೆ ಮೊದಲು ಪ್ಲಗ್ ಕಿತ್ತು ಪಿಸ್ಟನ್ ಸುತ್ತ ನೋಡಿ. ಕಂಬಿಯ ಸಿಪ್ಪೆ ಸಿಕ್ಕಿರುತ್ತದೆ, ಬ್ರಷ್ ಹಾಕಿ ಜಾಡಿಸಿದರೆ ಬಿಡುತ್ತದೆ. ಬಿಡದಿದ್ದರೆ ಒಳಗಿನ ರಿಟರ್ನ್ ಸ್ಪ್ರಿಂಗು ಮುರಿದಿದೆ. ಸುತ್ತಿಗೆ ಮಾತ್ರ ಮುಟ್ಟಬೇಡಿ.

ಮಷಿನ್ ಕೆಟ್ಟಾಗ ಗ್ಯಾಸ್ ಕಟ್ಟರಿನಿಂದ ಕಂಬಿ ಕಟ್ ಮಾಡಿದ್ರೆ ಏನಾಗುತ್ತೆ? (ಬೆಂಗಳೂರಿನಿಂದ)

ಟಿಎಂಟಿ ಕಂಬಿಯ ಗಟ್ಟಿತನ ಇರುವುದು ಅದರ ಹೊರಗಿನ ಉಂಗುರದಲ್ಲಿ, ಕೆಂಪಗೆ ಕಾದ ಕಂಬಿಗೆ ಗಿರಣಿಯಲ್ಲಿ ನೀರು ಹೊಡೆದು ತಂದದ್ದು. ಬೆಂಕಿ ಹಿಡಿದರೆ ತುದಿಯ ಹತ್ತಿರ ಅದು ಮೆದುವಾಗುತ್ತದೆ. ಒಂದು ದಿನದ ಮಟ್ಟಿಗೆ ಹ್ಯಾಕ್ಸಾ ಹಿಡಿಯಿರಿ, ಅಥವಾ ಪಕ್ಕದ ಸೈಟಿನವರ ಮಷಿನ್ ಕೇಳಿ.

ಬೆಂಗಳೂರಿನ ಈ ಓದುಗರು ತುಂಡು ಕೂಡ ಕಳಿಸಿದ್ದಾರೆ. ಮೂರು ಅಡಿ ಉದ್ದದ 25 ಎಂಎಂ ಕಂಬಿ, ಮೂರೂವರೆ ಕಿಲೊ ಭಾರ, ಗೋಣಿಯಲ್ಲಿ ಸುತ್ತಿ ಕೊರಿಯರ್. ತಂದುಕೊಟ್ಟ ಹುಡುಗ ಚಹಾ ಕುಡಿಯದೆ ಹೋಗಲಿಲ್ಲ. ಸ್ವಾಮಿ, ಬೆರಳುದ್ದ ಸಾಕು.