ಬಲ ಪಕ್ಕೆಲುಬಿನ ಕೆಳಗೆ ಆಗಾಗ ನೋವು ಬಂದು ಹೋಗುತ್ತದೆ, ಕಾರಣ ಏನಿರಬಹುದು?

ಎಣ್ಣೆ, ತುಪ್ಪದ ಊಟವಾದ ಮೇಲೆ ನೋವು ಶುರುವಾಗಿ, ಅರ್ಧ ಗಂಟೆಯೋ ಕೆಲವು ಗಂಟೆಯೋ ಇದ್ದು ತಾನಾಗಿ ಇಳಿಯುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಪಿತ್ತಕೋಶದ ಕಲ್ಲು. ಜಿಡ್ಡು ಕರುಳಿಗೆ ಇಳಿದಾಗ ಪಿತ್ತರಸ ಹೊರಹಾಕಲು ಪಿತ್ತಕೋಶ ಹಿಂಡಿಕೊಳ್ಳುತ್ತದೆ. ಅದರ ಬಾಯಿಗೆ ಕಲ್ಲು ಸಿಕ್ಕಿಕೊಂಡರೆ ಒಳಗೆ ಒತ್ತಡ ಏರಿ ನೋವಾಗುತ್ತದೆ. ಕಲ್ಲು ಸರಿದರೆ ನೋವೂ ಮಾಯ. ಅದಕ್ಕೇ ಎಷ್ಟೋ ಜನ ಇದನ್ನು ಗ್ಯಾಸ್ ಅಂದುಕೊಂಡು ವರ್ಷಗಟ್ಟಲೆ ಸುಮ್ಮನಿರುತ್ತಾರೆ, ದಯವಿಟ್ಟು ನೀವು ಹಾಗೆ ಮಾಡಬೇಡಿ. ಖಾಲಿ ಹೊಟ್ಟೆಯಲ್ಲಿ ಒಂದು ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ.

ಬೆರಳಿನಿಂದ ಒತ್ತಿದ ಜಾಗವೇ ನೋಯುತ್ತಿದ್ದರೆ, ಮೈ ತಿರುಗಿಸಿದಾಗ ಹೆಚ್ಚಾದರೆ, ಅದು ಸ್ನಾಯುವಿನ ನೋವಿರಬಹುದು. ಜ್ವರ, ಕಣ್ಣು ಹಳದಿಯಾಗುವುದು, ನಿಲ್ಲದ ವಾಂತಿ, ಎದೆಬಿಗಿತ, ಉಸಿರಾಟದ ಕಷ್ಟ, ಇವುಗಳಲ್ಲಿ ಯಾವುದೊಂದು ಜೊತೆಗಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ.