ಡ್ರೆಸ್ಸಿಂಗ್ ಕೋಣೆಯಲ್ಲಿ ಮಗು ಚೀರುವಾಗ ತಾಯಿ ಎಲ್ಲಿರಬೇಕು?

ಪ್ರಶ್ನೆ: ನಾವು ಕೊಪ್ಪಳ ತಾಲ್ಲೂಕಿನ ಹಳ್ಳಿಯವರು. ನನ್ನ ನಾಲ್ಕು ವರ್ಷದ ಮಗನ ತೊಡೆಯ ಮೇಲೆ ಬಿಸಿ ಸಾರು ಚೆಲ್ಲಿ ಸುಟ್ಟಿದೆ. ಎರಡು ದಿನಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಡ್ರೆಸ್ಸಿಂಗ್ ಮಾಡಿಸಬೇಕು. ಅಲ್ಲಿ ಅವನನ್ನು ಅಂಗಾತ ಮಲಗಿಸಿ, ನನಗೆ ಕೈ ಹಿಡಿಯಲು, ಅವರಪ್ಪನಿಗೆ ಕಾಲು ಹಿಡಿಯಲು ಹೇಳುತ್ತಾರೆ. ‘ಅವ್ವಾ, ಬಿಡವ್ವಾ’ ಎಂದು ಚೀರುತ್ತಾನೆ. ಈಗ ಆಸ್ಪತ್ರೆಯ ಗೇಟು ಕಂಡರೆ ಸಾಕು, ಅಳು ಶುರು. ತಾಯಿ ಹೊರಗಿದ್ದರೆ ಮಗು ಕಡಿಮೆ ಅಳುತ್ತದೆ ಎಂದು ಅಲ್ಲಿನ ಸಿಸ್ಟರ್ ಹೇಳುತ್ತಾರೆ. ಗವಿಮಠದ ಜಾತ್ರೆಗೆ ಹೋಗೋಣ ಎಂದು ಹೇಳಿ ಕರೆದುಕೊಂಡು ಹೋಗು ಎಂಬುದು ನಮ್ಮ ಅತ್ತೆಯವರ ಸಲಹೆ. ನಾನು ಏನು ಮಾಡಲಿ?

ಉತ್ತರ: ತಾಯಿ, ನೀವು ಒಳಗೇ ಇರಿ. ಸಿಸ್ಟರ್ ಹೇಳಿದ್ದು ಸುಳ್ಳೇನಲ್ಲ. ತಾಯಿ ಹೊರಗೆ ಹೋದಾಗ ಎಷ್ಟೋ ಮಕ್ಕಳ ಅಳು ತಗ್ಗುತ್ತದೆ. ಆದರೆ ಅಳು ತಗ್ಗಿದ ಮಾತ್ರಕ್ಕೆ ನೋವಾಗಲಿ ಭಯವಾಗಲಿ ತಗ್ಗಿತೆಂದಲ್ಲ. ಯಾರ ಮುಂದೆ ಅತ್ತರೆ ಕೇಳುವವರಿದ್ದಾರೆಂದು ಮಗುವಿಗೆ ಗೊತ್ತೋ ಅವರು ಅಲ್ಲಿಲ್ಲ, ಅಷ್ಟೇ. 1950ರ ದಶಕದವರೆಗೂ ಬ್ರಿಟನ್ನಿನ ಅನೇಕ ಆಸ್ಪತ್ರೆಗಳಲ್ಲಿ ತಂದೆತಾಯಂದಿರ ಭೇಟಿಗೆ ಬಿಗಿಯಾದ ಕಟ್ಟುಪಾಡುಗಳಿದ್ದವು, ಸುಮ್ಮನೆ ಮಲಗಿದ ಮಗುವನ್ನು ‘ಹೊಂದಿಕೊಂಡ ಮಗು’ ಎಂದು ಭಾವಿಸುತ್ತಿದ್ದರು. ಅದು ಹೊಂದಾಣಿಕೆಯಲ್ಲ, ಮನಸ್ಸು ಮುದುಡಿಕೊಳ್ಳುವುದು ಎಂಬ ಅರಿವು ಮೂಡಿದ ಮೇಲೆ, 1959ರಲ್ಲಿ, ಆಸ್ಪತ್ರೆಯಲ್ಲಿರುವ ಮಕ್ಕಳ ಯೋಗಕ್ಷೇಮದ ಬಗ್ಗೆ ಅಲ್ಲಿ ನೇಮಿಸಿದ್ದ ಪ್ಲಾಟ್ ಸಮಿತಿಯು ತಂದೆತಾಯಂದಿರ ಭೇಟಿಗೆ ನಿರ್ಬಂಧವಿರಬಾರದೆಂದು ಶಿಫಾರಸು ಮಾಡಿತು.

ಆದರೆ ಒಳಗಿರುವುದೆಂದರೆ ಮಗುವನ್ನು ಅದುಮಿ ಹಿಡಿಯುವುದಲ್ಲ. ಅಂಗಾತ ಮಲಗಿಸಿ ಕೈಕಾಲು ಒತ್ತಿ ಹಿಡಿದರೆ ನಾಲ್ಕು ವರ್ಷದ ಮಗುವಿಗೆ ಗಾಯದ ನೋವಿಗಿಂತ ತಾನು ಸಿಕ್ಕಿಬಿದ್ದಿದ್ದೇನೆ ಎಂಬ ದಿಗಿಲೇ ಹೆಚ್ಚಾಗುತ್ತದೆ. ಹಿಡಿದವಳು ಅವ್ವನೇ ಆದರೆ ಅದು ಮತ್ತಷ್ಟು ಕಷ್ಟ. ಮುಂದಿನ ಸಲ ಡ್ರೆಸ್ಸಿಂಗ್ ಆರಂಭವಾಗುವ ಮೊದಲೇ, ಅವನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದೇ ಎಂದು ಸಿಸ್ಟರ್‌ಗೆ ಕೇಳಿ. ನೀವು ಮಂಚದ ಮೇಲೋ ಕುರ್ಚಿಯಲ್ಲೋ ಕುಳಿತು, ಅವನ ಬೆನ್ನು ನಿಮ್ಮ ಎದೆಗೆ ಒರಗುವಂತೆ ಕೂರಿಸಿಕೊಂಡು, ನಿಮ್ಮ ಎರಡೂ ತೋಳುಗಳಿಂದ ಅವನ ಕೈಗಳನ್ನು ಸೇರಿಸಿ ತಬ್ಬಿಕೊಳ್ಳಿ. ಸುಟ್ಟ ಕಾಲು ಮುಂದಕ್ಕೆ ಚಾಚಿರಲಿ, ಅವರಪ್ಪ ಮೊಣಕಾಲಿನ ಕೆಳಗೆ ಅದನ್ನು ಮೆಲ್ಲಗೆ ಆನಿಸಿ ಹಿಡಿಯಲಿ. ಕೈ ಆಡದಂತೆ ಇರುತ್ತದೆ, ಆದರೆ ಅದು ಅವನಿಗೆ ಅಪ್ಪುಗೆ. ಗಾಯ ತೊಡೆಯ ಹಿಂಭಾಗಕ್ಕೂ ಹಬ್ಬಿದ್ದು ಮಲಗಿಸಲೇಬೇಕಾದರೆ, ಕಾಲು ಹಿಡಿಯುವ ಕೆಲಸ ಬೇರೆಯವರಿಗೆ ಬಿಟ್ಟು, ನೀವು ತಲೆಯ ಬಳಿ ಬಗ್ಗಿ ನಿಮ್ಮ ಮುಖ ಅವನಿಗೆ ಕಾಣುವಂತೆ ಇರಿ.

ಇಷ್ಟು ಮಾಡಿದರೂ ನೋವನ್ನೇ ತಗ್ಗಿಸದೆ ಹೋದರೆ ಯಾವ ಸಾಂತ್ವನವೂ ನಿಲ್ಲುವುದಿಲ್ಲ. ನಮ್ಮಲ್ಲಿ ‘ಸಣ್ಣ ಹುಡುಗ, ಅಳ್ತಾನ, ಆಮೇಲೆ ಮರೀತಾನ’ ಎಂದು ಇದನ್ನು ಬದಿಗೆ ಸರಿಸುವುದು ತೀರಾ ಹೆಚ್ಚು. ಮರೆಯುವುದಿಲ್ಲ ಎಂಬುದನ್ನು ಗೇಟಿನ ಬಳಿ ನಿಮ್ಮ ಮಗನೇ ತೋರಿಸಿಕೊಡುತ್ತಿದ್ದಾನೆ. ಡ್ರೆಸ್ಸಿಂಗ್‌ಗೆ ಮುಕ್ಕಾಲು ಗಂಟೆ ಮೊದಲು ನೋವಿನ ಔಷಧಿ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಸಾಮಾನ್ಯವಾಗಿ ಕೊಡುವುದು ಪ್ಯಾರಸಿಟಮಾಲ್ ಸಿರಪ್, ಅದರ ಪ್ರಮಾಣ ಮಗುವಿನ ತೂಕದ ಪ್ರಕಾರ ಕಿಲೋಗೆ 15 ಮಿಲಿಗ್ರಾಂ. ಇಲ್ಲಿ ಒಂದು ಎಚ್ಚರ ಬೇಕು: ಅಂಗಡಿಯಲ್ಲಿ ಸಿಗುವ ಬಾಟಲಿಗಳಲ್ಲಿ 5 ಎಂ.ಎಲ್.ಗೆ 120 ಅಥವಾ 125 ಮಿಲಿಗ್ರಾಂ ಇರುವುದೂ ಉಂಟು, 250 ಮಿಲಿಗ್ರಾಂ ಇರುವುದೂ ಉಂಟು. ಆದ್ದರಿಂದ ‘ಒಂದು ಚಮಚ’ ಎಂಬ ಲೆಕ್ಕ ಬಿಟ್ಟು, ನಿಮ್ಮಲ್ಲಿರುವ ಬಾಟಲಿಯನ್ನೇ ತೋರಿಸಿ ಎಷ್ಟು ಎಂ.ಎಲ್. ಎಂದು ಬರೆಸಿಕೊಳ್ಳಿ. ಗಾಯಕ್ಕೆ ಅಂಟಿದ ಬಟ್ಟೆಯನ್ನು ಒಣಗಿದಂತೆಯೇ ಕಿತ್ತರೆ ನೋವು ವಿಪರೀತ. ಸಲೈನ್ ಸುರಿದು ಚೆನ್ನಾಗಿ ನೆನೆಸಿ ತೆಗೆಯಿರೆಂದು ವಿನಯದಿಂದಲೇ ಕೇಳಿ, ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. ಇವೆಲ್ಲ ಸಾಲದಷ್ಟು ದೊಡ್ಡ ಗಾಯವಾದರೆ ಮಂಪರಿನ ಔಷಧಿ ಕೊಟ್ಟು ಡ್ರೆಸ್ಸಿಂಗ್ ಮಾಡುವ ಕ್ರಮವಿದೆ; ಅದಕ್ಕೆ ಹೊಟ್ಟೆ ಖಾಲಿ ಇರಬೇಕಾಗುವುದರಿಂದ, ಎಷ್ಟು ಹೊತ್ತಿನಿಂದ ಏನನ್ನೂ ಕೊಡಬಾರದೆಂದು ಹಿಂದಿನ ದಿನವೇ ಕೇಳಿಕೊಳ್ಳಬೇಕು.

ಇನ್ನು ಜಾತ್ರೆಯ ಮಾತು. ನಿಮ್ಮ ಅತ್ತೆಯವರದು ಮೊಮ್ಮಗನ ಮೇಲಿನ ಕಕ್ಕುಲಾತಿ, ಅನುಮಾನವಿಲ್ಲ. ಆದರೆ ಆ ಸುಳ್ಳು ಒಂದೇ ದಿನಕ್ಕೆ ನಡೆಯುತ್ತದೆ. ಮರುಸಲ ಅಂಗಡಿಗೆ ಹೊರಟರೂ ಅವನು ಬಾಗಿಲಲ್ಲೇ ಕೂತುಬಿಡುತ್ತಾನೆ. ‘ಏನೂ ಆಗಂಗಿಲ್ಲ’ ಎಂಬುದೂ ಅಂಥದ್ದೇ ಸುಳ್ಳು. ‘ಸುಮ್ಮನಿರದಿದ್ದರೆ ಸೂಜಿ ಚುಚ್ಚಿಸುತ್ತೇನೆ’ ಎಂಬುದಂತೂ ಬೇಡವೇ ಬೇಡ. ಈ ವಯಸ್ಸಿನವರಿಗೆ ಹಿಂದಿನ ದಿನವೇ ಹೇಳಿದರೆ ರಾತ್ರಿಯೆಲ್ಲ ಭಯವಾಗುತ್ತದೆ, ಆದ್ದರಿಂದ ಹೊರಡುವ ದಿನ ಬೆಳಿಗ್ಗೆ, ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಿ: ‘ಇವತ್ತು ಪಟ್ಟಿ ಬದಲಿ ಮಾಡಿಸಿಕೊಂಡು ಬರೋಣ. ತೆಗೆಯೋವಾಗ ಸ್ವಲ್ಪ ಉರೀತದ. ನಾನು ನಿನ್ನ ತಬ್ಬಿಕೊಂಡೇ ಕೂತಿರ್ತೀನಿ. ಅಳು ಬಂದ್ರ ಅಳು. ಮುಗದ ಮ್ಯಾಲೆ ಮನಿಗೆ ಬರೋಣ.’ ಇಷ್ಟು ಸಾಕು. ಕೋಣೆಯಲ್ಲಿ ಅವನ ಕೈಗೂ ಏನಾದರೂ ಕೆಲಸವಿರಲಿ. ಸಾಬೂನಿನ ಗುಳ್ಳೆ ಊದುವ ಆಟಿಕೆ ಕೊಂಡೊಯ್ಯಿರಿ. ನೀಳವಾಗಿ ಉಸಿರು ಬಿಟ್ಟು ಊದುವಾಗ ಬಿಗಿದ ಮೈ ತಾನಾಗಿ ಸಡಿಲವಾಗುತ್ತದೆ. ಮೊಬೈಲಿನಲ್ಲಿ ಚಿತ್ರ ತೋರಿಸುವುದಾದರೆ ಪಟ್ಟಿ ಮುಟ್ಟುವ ಮೊದಲೇ ಹಚ್ಚಿ, ಅಳು ಏರಿದ ಮೇಲೆ ಅದು ಅವನ ಕಣ್ಣಿಗೆ ಬೀಳುವುದಿಲ್ಲ. ಕೈ ತೊಳೆಸಿ, ಸಿಸ್ಟರ್ ಒಪ್ಪಿದರೆ, ಅಂಟುಪಟ್ಟಿಯ ತುದಿಯನ್ನು ಅವನೇ ಬಿಡಿಸಲಿ. ‘ಮಾಡಿಸೋಣವೇ, ಬೇಡವೇ?’ ಎಂದು ಮಾತ್ರ ಕೇಳಬೇಡಿ, ಬೇಡ ಎಂದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ.

ನೀವು ಕೇಳದ ಒಂದು ಸಂಗತಿಯನ್ನೂ ಹೇಳಬೇಕು. ನಾಲ್ಕು ವರ್ಷದ ಮಗು ನೋವನ್ನು ತನ್ನ ತಪ್ಪಿಗೆ ಸಿಕ್ಕ ಶಿಕ್ಷೆಯೆಂದು ತಿಳಿಯುವುದು ಸಾಮಾನ್ಯ. ಮಾತಾಡಿಸಲು ಬರುವ ಬೀಗರು ಬಾಳೆಹಣ್ಣು, ಬಿಸ್ಕಿಟ್ ಕೈಗಿಟ್ಟು, ಸಾರು ಹೇಗೆ ಬಿತ್ತೆಂದು ಅವನ ಮುಂದೆಯೇ ಮತ್ತೆ ಮತ್ತೆ ಕೇಳುತ್ತಾರೆ, ಕೊನೆಗೆ ‘ಅವ್ವ ಹೇಳಿದ್ದು ಕೇಳಿದ್ದರೆ ಹಿಂಗಾಗ್ತಿತ್ತೇನು?’ ಎಂಬ ಮಾತೂ ಬರುತ್ತದೆ. ಆ ಮಾತುಗಳೆಲ್ಲ ಕಟ್ಟೆಯ ಮೇಲಾಗಲಿ. ಇದು ಯಾರ ತಪ್ಪಿಗೂ ಶಿಕ್ಷೆಯಲ್ಲ, ಪಟ್ಟಿ ಹಾಕುವುದು ಗಾಯ ಮಾಯಲಿ ಎಂದು, ಎಂಬುದನ್ನು ನೀವೇ ಆಗಾಗ ಅವನಿಗೆ ಹೇಳುತ್ತಿರಿ. ಮನೆಯಲ್ಲಿ ಒಂದು ಬೊಂಬೆ ಕೊಟ್ಟು ಹಳೆಯ ಬಟ್ಟೆಯ ಚೂರಿನಿಂದ ಪಟ್ಟಿ ಕಟ್ಟುವ ಆಟ ಆಡಿಸಿ (ನಿಮ್ಮ ಜಿಲ್ಲೆಯ ಕಿನ್ನಾಳದ ಬೊಂಬೆಯೇ ಆಗಬೇಕೆಂದಿಲ್ಲ, ಅದರ ಬಣ್ಣದ ಅಂದ ಕೆಡದಿರಲಿ). ಅವನು ಬೊಂಬೆಯನ್ನು ಗದರಿದರೆ, ಅದುಮಿ ಹಿಡಿದರೆ ತಡೆಯಬೇಡಿ. ಅವನಿಗೆ ಎಲ್ಲಿ ಹೆಚ್ಚು ಭಯವಾಗಿತ್ತೆಂಬುದು ಆ ಆಟದಲ್ಲಿಯೇ ತಿಳಿಯುತ್ತದೆ.

ಕೆಲವು ವಾರ ಹಾಸಿಗೆ ಒದ್ದೆ ಮಾಡುವುದು, ನಿದ್ದೆಯಲ್ಲಿ ಬೆಚ್ಚಿಬೀಳುವುದು, ಸೆರಗು ಬಿಡದಿರುವುದು ಕಂಡರೆ ಬೈಯದೆ ಸಹಿಸಿಕೊಳ್ಳಿ. ಒಂದು ತಿಂಗಳು ಕಳೆದರೂ ಅದು ತಗ್ಗದಿದ್ದರೆ, ಊಟ ಆಟ ಎರಡನ್ನೂ ಬಿಟ್ಟು ಮಂಕಾಗಿದ್ದರೆ, ಮಕ್ಕಳ ವೈದ್ಯರಿಗೆ ತಿಳಿಸಿ. 14416 ಸಂಖ್ಯೆಯ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ಕರೆಗೆ ಹಣವಿಲ್ಲ. ಡ್ರೆಸ್ಸಿಂಗ್ ವೇಳೆ ಅವನ ಕೈ ಹಿಡಿದು ಹಿಡಿದು ನಿಮಗೇ ನಿದ್ದೆ ಬಾರದಂತಾಗಿದ್ದರೆ ನಿಮ್ಮ ಸಲುವಾಗಿಯೂ ಅದೇ ಸಂಖ್ಯೆಗೆ ಕರೆ ಮಾಡಿ.